ಕಡೀಗೆ ಹಚ್ಚಿದ ಮೈನಸ್

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಅಲ್ಲಿನ ಹೋಟೆಲ್ಲಿನವನು ನನ್ನ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೊರಟರೆ ದಾಳಿಂಬೆ ತೋಟಗಳ ನಡುವೆ ಬರುವ ಒಂದು ಊರು ಎಂದರೆ ಸಾಕು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕ. ಹೆಸರು ಅಯ್ಯಪ್ಪ. ಆದರೆ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎಲ್ಲರಿಗೂ ನಾನು ಪೀಟಿ ಮಾಸ್ತರ. ಪೀಟಿ ಮಾಸ್ತರ ಎಂದರೆ ಪೀಪಿ ಊದುವವನು, ಆಗಸ್ಟ್ ಹದಿನೈದಕ್ಕೆ ಹುಡುಗರನ್ನು ಸಾಲು ನಿಲ್ಲಿಸುವವನು, ಉಳಿದ ದಿನ ಬಾಯಿ ಮುಚ್ಚಿಕೊಂಡು ಕೂಡಬೇಕಾದವನು. ನಾನು ಬಾಯಿ ಮುಚ್ಚಿಕೊಂಡು ಕೂಡುವ ಪೈಕಿ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬರೆಯುತ್ತಿರುವುದು ಅನೀಸಾ ಟೀಚರ್ ಬಗ್ಗೆ. ಕುಷ್ಟಗಿಯ ಗಾದಿ ಹೊಲಿಯುವ ಮಕ್ಬುಲಸಾಬನ ಮಗಳು. ಅಪ್ಪ ತೀರಿಕೊಂಡ ಮೇಲೆ ತಾಯಿ ಸೈದಾನಬಿಯ ಜೊತೆ ಇದ್ದಾಳೆ. ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ನನ್ನ ತಂಗಿಯ ವಾರಿಗೆ. ನಮ್ಮ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಳು, ಗಣಿತಕ್ಕೆ. ಈ ಅತಿಥಿ ಎಂಬ ಮಾತನ್ನು ಯಾವ ಪುಣ್ಯಾತ್ಮ ಹುಡುಕಿದನೋ! ಜೂನಿನಲ್ಲಿ ಬಾ ಎನ್ನುವುದು, ಪರೀಕ್ಷೆ ಮುಗಿದ ಕೂಡಲೇ ಹೋಗು ಎನ್ನುವುದು, ಮತ್ತೆ ಜೂನಿನಲ್ಲಿ ಶಾಲಾ ಸಮಿತಿಯವರ ಮನಸ್ಸು ಬಂದರೆ ಕರೆಯುವುದು, ಬಾರದಿದ್ದರೆ ಬಿಡುವುದು. ನಮ್ಮ ಸ್ಟಾಫ್ ರೂಮಿನಲ್ಲಿ ಆಕೆಗೆಂದು ಒಂದು ಕುರ್ಚಿಯೂ ಇರಲಿಲ್ಲ. ಯಾರಾದರೂ ರಜೆ ಹಾಕಿದ ದಿನ ಕೂಡುತ್ತಿದ್ದಳು, ಇಲ್ಲದಿದ್ದರೆ ಕಿಟಕಿಯ ಕಟ್ಟೆಗೆ ಆತು ನಿಲ್ಲುತ್ತಿದ್ದಳು.

ಆಕೆಗಿಂತ ಮುಂಚೆ ಆ ಜಾಗದಲ್ಲಿದ್ದವರು ವಿರುಪಣ್ಣ ಮಾಸ್ತರರು. ಅವರ ಬಗ್ಗೆ ಕೆಟ್ಟದ್ದು ಹೇಳುವ ಬಾಯಿ ಊರಿನಲ್ಲಿ ಇರಲಿಲ್ಲ. ನನ್ನ ಬಾಯೂ ಆಗ ಹೇಳುತ್ತಿರಲಿಲ್ಲ. ಹುಡುಗರಿಗೆ ಕೈ ಎತ್ತಿದವರಲ್ಲ, ಕಟು ಮಾತು ಆಡಿದವರಲ್ಲ, ಸಂಜೆ ಹೊತ್ತು ದಡ್ಡ ಹುಡುಗರನ್ನು ಕೂಡಿಸಿಕೊಂಡು ಪುಕ್ಕಟೆ ಹೇಳಿಕೊಟ್ಟವರು. ರಿಟೈರ್ ಆಗಿ ಕುಷ್ಟಗಿಯಲ್ಲಿ ಮಗನ ಮನೆ ಸೇರಿದ್ದರು. ಆದರೂ ನಮ್ಮೂರಲ್ಲಿ ಗುರುಗಳು ಎಂದರೆ ಅವರೊಬ್ಬರೇ.

ಅನೀಸಾ ಬಂದ ಮೊದಲ ವಾರ, ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಒಂದು ಸಣ್ಣ ಲೆಕ್ಕ ಬರೆದಳು. ಎಕ್ಸ್‌ನ ಬೆಲೆ ಮೈನಸ್ ಮೂರು ಆದರೆ ಎಕ್ಸ್ ವರ್ಗದ ಬೆಲೆ ಎಷ್ಟು? ವರ್ಗವೆಂದರೆ ಅದನ್ನು ಅದರಿಂದಲೇ ಗುಣಿಸುವುದು. ಇಡೀ ಕ್ಲಾಸು ಒಂದೇ ದನಿಯಲ್ಲಿ "ಮೈನಸ್ ಒಂಬತ್ತು" ಅಂದಿತು. ಒಬ್ಬ ಹುಡುಗ ತಪ್ಪಿದರೆ ಸರಿ, ಇಬ್ಬರು ತಪ್ಪಿದರೆ ಸರಿ. ಇಡೀ ಕ್ಲಾಸು ಒಂದೇ ತಪ್ಪು ಮಾಡುವುದೆಂದರೆ?

"ಯಾರು ಹೇಳ್ಕೊಟ್ರು ನಿಮಗ?" ಎಂದು ಕೇಳಿದಳು.

"ನಮ್ಮಪ್ಪ ರೀ." "ನಮ್ಮ ಕಾಕಾ ರೀ." "ನಮ್ಮವ್ವ ರೀ."

ಆಮೇಲೆ ತಿಳಿಯಿತು. ವಿರುಪಣ್ಣ ಮಾಸ್ತರರು ಒಂದು ಉಪಾಯ ಕಲಿಸಿದ್ದರು. ಮೈನಸ್ ಬಂದರೆ ಹೆದರಬ್ಯಾಡ್ರಿ, ತಗದು ಕಿಸೆದಾಗ ಇಡ್ರಿ. ಲೆಕ್ಕ ಮುಗಸ್ರಿ. ಕಡೀಗೆ ಕಿಸೆದಾಗಿಂದ ತಗದು ಉತ್ತರದ ಮುಂದ ಹಚ್ರಿ. ಎಷ್ಟು ಸರಳ ನೋಡಿ! ಎರಡು ಎಕ್ಸ್ ಇದ್ದರೆ ಎರಡು ಮೂರಲೇ ಆರು, ಮುಂದೆ ಮೈನಸ್ ಹಚ್ಚಿದರೆ ಮೈನಸ್ ಆರು. ಸರಿಯಾಗಿಯೇ ಬರುತ್ತದೆ. ಆದರೆ ಎಕ್ಸ್ ವರ್ಗ ಬಂದರೆ ಎಡವಟ್ಟಾಗುತ್ತದೆ. ಎರಡು ಮೈನಸ್ ಒಂದಕ್ಕೊಂದು ಗುಣಿಸಿ ಪ್ಲಸ್ ಆಗಬೇಕು, ಇವರಿಗೆ ಮೈನಸ್ ಒಂಬತ್ತೇ ಉಳಿಯುತ್ತದೆ. ಎಕ್ಸ್ ವರ್ಗದಲ್ಲಿ ಎರಡು ಎಕ್ಸ್ ಕಳೆಯಿರಿ ಎಂದರೆ ಹದಿನೈದು ಬರಬೇಕಾದಲ್ಲಿ ನಮ್ಮೂರಿಗೆ ಮೈನಸ್ ಮೂರು ಬರುತ್ತಿತ್ತು. ಅಪ್ಪನಿಗೂ ಅದೇ, ಮಗನಿಗೂ ಅದೇ. ಹತ್ತನೇ ಕ್ಲಾಸು ಹೇಗೋ ದಾಟಿ ಕೊಪ್ಪಳಕ್ಕೋ ಗಂಗಾವತಿಗೋ ಸೈನ್ಸ್ ಓದಲು ಹೋದವರು ವರ್ಷ ತುಂಬುವುದರೊಳಗೆ ಹೊಳ್ಳಿ ಬರುತ್ತಿದ್ದರು. "ನಮ್ಮೂರ ಹುಡುಗ್ರ ತಲಿಗೆ ಸೈನ್ಸ್ ಹತ್ತಂಗಿಲ್ಲ ಬಿಡ್ರಿ" ಎಂದು ಊರಿನವರೇ ಹೇಳುತ್ತಿದ್ದರು, ಅದೇನೋ ನಮ್ಮ ನೀರಿನ ಗುಣ ಎನ್ನುವ ಹಾಗೆ.

ಅನೀಸಾ ಬೋರ್ಡಿನ ಮೇಲೆ ಬರೆದು ಬರೆದು ಸೋತಳು. ಒಂದು ದಿನ ಇಡೀ ಕ್ಲಾಸನ್ನು ನನ್ನ ಮೈದಾನಕ್ಕೆ ಕರೆತಂದಳು. ಕೇಳದೆ ನನ್ನ ಸುಣ್ಣದ ಪುಡಿ ತೆಗೆದುಕೊಂಡು ಕಬಡ್ಡಿ ಅಂಕಣದ ಮೇಲೆಯೇ ಏನೇನೋ ಗೀಚಿದಳು. ನನಗೆ ಪಿತ್ತ ನೆತ್ತಿಗೇರಿತು.

"ಏನ್ ಟೀಚರ್ ಇದು? ನಾಳೆ ಹೋಬಳಿ ಮಟ್ಟದ ಆಟ ಅದಾವ, ನೀವು ಬಂದು ರಂಗೋಲಿ ಹಾಕಾಕತ್ತೀರಿ?"

"ಸರ್, ಒಂದು ಪೀರಿಯಡ್ ಕೊಡ್ರಿ. ಆಮ್ಯಾಲೆ ನಾನಾ ಉಡುಗಿ ಕೊಡ್ತೀನಿ."

ಕೊಟ್ಟೆ. ಅಡ್ಡಗೈ ಕಟ್ಟಿಕೊಂಡು ಬೇವಿನ ಮರದ ಕೆಳಗೆ ನಿಂತೆ. ಇಬ್ಬರು ಹುಡುಗಿಯರು ಎದುರುಬದುರು ನಿಂತು ತೋಳು ಬಾಗಿಸಿದರು. ಅದು ಕಂಸ. ಸಂಖ್ಯೆಯ ಎರಡೂ ಬದಿಗೆ ಹಾಕುತ್ತೇವಲ್ಲ, ಆ ಬಾಗಿದ ಗೆರೆ. ನಡುವೆ ಒಬ್ಬಳು ಎಕ್ಸ್ ಆಗಿ ನಿಂತಿದ್ದಳು. ಟೀಚರ್ ಕೂಗಿದ ಕೂಡಲೇ ಎಕ್ಸ್ ಹೊರಗೆ ಹೋಗಬೇಕು, ಆ ಜಾಗಕ್ಕೆ ಮೈನಸ್ ಮೂರು ಬರಬೇಕು. ಮೈನಸ್ ಎಂದರೆ ನನ್ನ ಡ್ರಿಲ್ಲಿನ ಕೋಲು. ಒಬ್ಬ ಹುಡುಗಿ ಕೋಲನ್ನು ಹೊರಗೆ ಒಗೆದು ಒಳಗೆ ಓಡಿಬಂದಳು.

"ಏ ಖುಷ್ಬು! ಕೋಲು ಎಲ್ಲೆ ಐತಿ?" ಎಂದು ಅನೀಸಾ ಚೀರಿದಳು. "ಕಂಸದಾಗ ಬರುವಾಗ ನಿನ್ನ ಮೈನಸ್ ನಿನ್ನ ಕೈಯಾಗ ಇರಬೇಕು. ಹೊರಗ ಇಟ್ಟು ಬಂದ್ರ ಅದು ನೀನಲ್ಲ, ಬ್ಯಾರೆ ಯಾರೋ."

ವರ್ಗ ಬಂದಾಗ ಅಂಥವೇ ಎರಡು ಕಂಸ, ಎರಡರೊಳಗೂ ಕೋಲು ಹಿಡಿದ ಒಬ್ಬೊಬ್ಬ ಹುಡುಗಿ. ಗುಣಿಸುವಾಗ ಎರಡು ಕೋಲು ಕೂಡಿದವೆಂದರೆ ಎರಡನ್ನೂ ನೆಲಕ್ಕೆ ಒಗೆಯಬೇಕು. ಉಳಿದದ್ದು ಪ್ಲಸ್ ಒಂಬತ್ತು. ಹುಡುಗಿಯರು ಕೇಕೆ ಹಾಕಿದರು. ಮರದ ಕೆಳಗೆ ನಿಂತಿದ್ದ ನನಗೂ ಅವತ್ತು ತಿಳಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಬಳ್ಳಾರಿ ಕಡೆಯವನು, ವಿರುಪಣ್ಣ ಮಾಸ್ತರರ ಶಿಷ್ಯನಲ್ಲ. ಆದರೂ ನನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ಆಕೆ ಹೇಳಿದಂತೆ ಕಸಬರಿಗೆ ಹಿಡಿದು ಅಂಕಣ ಉಡುಗಲು ಬಂದಳು. "ಇರಲಿ ಬಿಡ್ರಿ ಟೀಚರ್, ನಾಳೆ ಮತ್ತ ಬರ್ರಿ" ಅಂದೆ.

ಆದರೆ ಹುಡುಗರು ಸಂಜೆ ಮನೆಗೆ ಹೋಗುತ್ತಾರಲ್ಲ. ಅಲ್ಲಿ ಅಪ್ಪ ಇರುತ್ತಾನೆ, ಕಾಕಾ ಇರುತ್ತಾನೆ. "ಯಾವಾಕಿ ಆಕಿ, ಗುರುಗಳಿಗಿಂತ ಶಾಣ್ಯಾಳ?" ಎನ್ನುತ್ತಿದ್ದರು. ಮೈದಾನದಲ್ಲಿ ಹಾಕಿದ ಕಂಸವನ್ನು ಮನೆಯಲ್ಲಿ ಅಳಿಸುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಗೆ ಹುಡುಗರು ಅದೂ ಇದೂ ಕಲಸಿ ಬರೆದರು. ಕಂಸವನ್ನೂ ಹಾಕಿದರು, ಕಡೀಗೆ ಒಂದು ಮೈನಸ್ಸನ್ನೂ ಹಚ್ಚಿದರು. ಅಂಕ ಬಿದ್ದವು.

ಸಮಿತಿ ಕೂಡಿತು. ಅಧ್ಯಕ್ಷ ಶಫೀಸಾಬ, ದಾಳಿಂಬೆ ತೋಟದ ಸಾಹುಕಾರ, ವಿರುಪಣ್ಣ ಮಾಸ್ತರರ ಖಾಸಾ ಶಿಷ್ಯ. ಅವನ ಪಕ್ಕ ಸದಸ್ಯ ಮೌಲಾಹುಸೇನ. ಊರಿನವನೇ ಆದರೂ ಇವನದು ಕುಷ್ಟಗಿಯಲ್ಲಿ ಪಂಕ್ಚರ್ ಅಂಗಡಿ, ಅನೀಸಾ ಮನೆಯ ಎದುರಿಗೇ.

"ಟೀಚರ್, ನಾವೆಲ್ಲ ಗುರುಗಳು ಹೇಳಿದಂಗ ಕಲ್ತು ಬದುಕಿಲ್ಲೇನ್ರಿ? ಹೊಸಾದು ತಂದು ಹುಡುಗ್ರ ತಲಿ ಯಾಕ ಕೆಡಸ್ತೀರಿ?" ಎಂದ ಶಫೀಸಾಬ.

"ಇದು ಹೊಸಾದಲ್ರಿ ಸಾಹೇಬ್ರ. ಪುಸ್ತಕದಾಗ ಐತಿ. ತಪ್ಪು ತಪ್ಪಾ ಐತಿ."

"ಅಂದ್ರ ಗುರುಗಳು ತಪ್ಪು ಅಂತೀರಿ?"

ನನಗೆ ತಡೆಯಲಿಲ್ಲ. "ಹೌದು, ತಪ್ಪು. ಏನೀಗ?" ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಹೆಡ್‌ಮಾಸ್ತರರು ಮೆಲ್ಲಗೆ, "ಅಯ್ಯಪ್ಪ, ನೀವು ಗ್ರೌಂಡ್ ನೋಡ್ಕೋರಿ" ಎಂದರು. ಪೀಟಿ ಮಾಸ್ತರನ ಮಾತಿಗೆ ಇರುವ ಕಿಮ್ಮತ್ತು ಅಷ್ಟೇ. ಬರುವ ಜೂನಿಗೆ ಈ ಟೀಚರ್ ಬೇಕೋ ಬ್ಯಾಡೋ ಅನ್ನುವುದನ್ನು ಪರೀಕ್ಷೆ ಆದ ಮೇಲೆ ನೋಡೋಣ ಎಂದು ಶಫೀಸಾಬ ಎದ್ದ. ಆ ನೌಕರಿ ಹೋದರೆ ಆಕೆಗೆ ಬೇರೆ ನೌಕರಿ ಇರಲಿಲ್ಲ. ಸರಕಾರಿ ನೇಮಕಾತಿಗೆ ವಯಸ್ಸು ಮುಗಿಯುತ್ತ ಬಂದಿತ್ತು, ಸರಕಾರ ಮಾತ್ರ ಅರ್ಜಿ ಕರೆದಿರಲಿಲ್ಲ.

ನಾನೇ ಹೇಳಿದೆ, "ಟೀಚರ್, ಈ ಊರು ಕೇಳೂದು ಒಬ್ಬರ ಮಾತು. ಅವರ ಕಡೆನ ಹೋಗೂಣು ನಡೀರಿ." ಭಾನುವಾರ ಕುಷ್ಟಗಿಯಲ್ಲಿ ವಿರುಪಣ್ಣ ಮಾಸ್ತರರ ಮಗನ ಮನೆಗೆ ಹೋದೆವು. ಮಾಸ್ತರರು ಖುಷಿಯಿಂದ ಒಳಗೆ ಕರೆದರು. ಸೊಸೆ ಅವಲಕ್ಕಿ ಕೊಟ್ಟಳು. ಅನೀಸಾ ಹೇಳಲು ಶುರುಮಾಡಿದಳು, ಮಾತು ಮುಗಿಯುವ ಮೊದಲೇ ಮಾಸ್ತರರು ಕೈ ಎತ್ತಿ ತಡೆದರು.

"ಗೊತ್ತೈತಿ ತಾಯಿ. ಅದು ತಪ್ಪು ಅಂತ ನನಗ ಮೊದಲ ಗೊತ್ತಿತ್ತು."

ನಾನು ಕೈಯಲ್ಲಿದ್ದ ಅವಲಕ್ಕಿಯ ಪ್ಲೇಟನ್ನು ಹಾಗೇ ಹಿಡಿದು ಕೂತೆ.

"ಆವಾಗ ಅರ್ಧ ಸಾಲಿ ಫೇಲ್ ಆಗತಿತ್ತು. ಮೈನಸ್ ಕಂಡ್ರ ಹುಡುಗ್ರು ಪೇಪರ್ ಖಾಲಿ ಬಿಟ್ಟು ಬರ್ತಿದ್ರು. ಏನರ ಬರೀಲಿ, ಒಂದೆರಡು ಲೆಕ್ಕರ ಬರಲಿ ಅಂತ ದಡ್ಡ ಹುಡುಗ್ರಿಗಿ ಹೇಳಿದ ಮಾತು ಅದು. ಪಾಸಾದ್ರು. ಪಾಸಾದವರು ಉಳಿದವರಿಗೆ ಹೇಳಿದ್ರು. ನಾ ತಿದ್ದಬೇಕಂತಿದ್ದೆ. ಅಷ್ಟೊತ್ತಿಗೆ ಅದು ನನ್ನ ಹೆಸರಿನ ಜೋಡಿ ಹೊಂಟಬಿಟ್ಟಿತ್ತು."

"ಈಗ ಹೇಳ್ರಿ ಗುರುಗಳ," ಎಂದಳು ಅನೀಸಾ. "ಒಂದು ಮಾತು. ಕಂಸ ಹಾಕಿ ಮಾಡ್ರಿ, ಟೀಚರ್ ಹೇಳೂದು ಸರಿ ಐತಿ ಅನ್ರಿ ಸಾಕು. ನೀವು ಅಂದ್ರ ಊರು ಕೇಳತೈತಿ."

ಮಾಸ್ತರರು ಆಕೆಯ ತಲೆಯ ಮೇಲೆ ಕೈ ಇಟ್ಟರು. ಬರುವ ತಿಂಗಳು ಹಳೇ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದಾರೆ, ಎಲ್ಲರೂ ಕೂಡಿರುತ್ತಾರೆ, ಅವತ್ತು ಮೈಕಿನಲ್ಲೇ ಹೇಳುತ್ತೇನೆ ಎಂದರು. ಹೊರಗೆ ಬಂದ ಮೇಲೆ ಅನೀಸಾ ಸೆರಗಿನ ಚುಂಗಿನಿಂದ ಕಣ್ಣೊರೆಸಿಕೊಂಡಳು. "ಭಾಳ ದೊಡ್ಡ ಮನಸು ಸರ್ ಅವರದು" ಅಂದಳು. ನಾನೂ ಹೂಂ ಅಂದೆ.

ಗುರುವಂದನೆ ಎಂದರೆ ನಮ್ಮ ಕಡೆ ಮದುವೆಗಿಂತ ಜೋರು. ಬ್ಯಾನರು, ಪೆಂಡಾಲು, ಬಾಜಾ ಭಜಂತ್ರಿ. ಮಾಸ್ತರರನ್ನು ಟ್ರಾಕ್ಟರಿನ ಮೇಲೆ ಕೂಡಿಸಿ ಊರು ಸುತ್ತಿಸಿದರು. ದೊಡ್ಡ ದೊಡ್ಡ ಮೀಸೆಯ ಗಂಡಸರು ಸಾಲಾಗಿ ಬಂದು ಅವರ ಪಾದ ತೊಳೆದರು. ಶಫೀಸಾಬ ಶಾಲು ಹೊದಿಸಿ ಅತ್ತೇಬಿಟ್ಟ. ಅವನು ಖರೇನೇ ಅತ್ತ, ಅದರಲ್ಲಿ ನಾಟಕ ಇರಲಿಲ್ಲ. ನಾನು ಸ್ವಯಂಸೇವಕ ಹುಡುಗರೊಂದಿಗೆ ವೇದಿಕೆಯ ಬದಿಗೆ ನಿಂತಿದ್ದೆ. ಅನೀಸಾ ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು, ಪಾಪ.

ಮಾಸ್ತರರು ಮೈಕು ಹಿಡಿದರು. "ನಿಮಗ ಒಂದು ಮಾತು ಹೇಳೂದೈತಿ" ಎಂದರು. "ನಾ ನಿಮಗ ಕಲಿಸಿದ ಲೆಕ್ಕದಾಗ…"

"ಗುರುಗಳ, ಕಡೀ ಮೈನಸ್ ಹೇಳ್ರಿ!" ಎಂದು ಮುಂದಿನ ಸಾಲಿನಿಂದ ಶಫೀಸಾಬ ಕೂಗಿದ. ಪೆಂಡಾಲು ಸಿಳ್ಳೆ ಚಪ್ಪಾಳೆಯಿಂದ ತುಂಬಿಹೋಯಿತು. "ಹೇಳ್ರಿ ಗುರುಗಳ! ಹೇಳ್ರಿ!" ಯಾರೋ ಎದ್ದು ನಿಂತು ಶುರು ಮಾಡಿಯೇಬಿಟ್ಟ. "ಮೈನಸ್ ಬಂದ್ರ?" ಎಲ್ಲರೂ ಕೂಡಿ ಕೂಗಿದರು, "ಕಿಸೆದಾಗ ಇಡ್ರಿ!" "ಲೆಕ್ಕ ಮುಗಿದ್ರ?" "ಕಡೀಗೆ ಹಚ್ರಿ!" ಚಾಲಕರು, ರೈತರು, ಅಂಗಡಿಕಾರರು, ಅಜ್ಜಂದಿರಾಗುತ್ತಿದ್ದವರು, ಎಲ್ಲರೂ ಒಂಬತ್ತನೇ ಕ್ಲಾಸಿನ ಹುಡುಗರಾಗಿ ಕೂಗುತ್ತಿದ್ದರು.

ನಾನು ಮಾಸ್ತರರ ಮುಖ ನೋಡಿದೆ. ಒಂದು ಕ್ಷಣ ಅವರು ಹೆಂಗಸರ ಸಾಲಿನ ಕಡೆ ನೋಡಿದರು. ಆಮೇಲೆ ನಕ್ಕರು. ಬಲಗೈ ಎತ್ತಿ, ಮೈಕು ಬಾಯಿಗೆ ಹತ್ತಿರ ಹಿಡಿದು, ತಾವೂ ಹೇಳಿದರು, "ಕಡೀಗೆ ಹಚ್ರಿ!"

ಅನೀಸಾ ಊಟಕ್ಕೆ ನಿಲ್ಲದೆ ಬಸ್ ಹಿಡಿದಳು. ಮಾರನೆಯ ದಿನ ಒಂಬತ್ತನೇ ಕ್ಲಾಸಿನಲ್ಲಿ ಕಂಸ ಹಾಕಿದವರು ಇಬ್ಬರೋ ಮೂವರೋ. ಖುಷ್ಬು ಹಾಕಿದ್ದಳು. "ಮನ್ಯಾಗ ಬೈತಾರ ಟೀಚರ್" ಎಂದು ಮುಂದಿನ ವಾರ ಆಕೆಯೂ ಬಿಟ್ಟಳು.

ಜೂನಿನಲ್ಲಿ ಅನೀಸಾ ಹೆಸರು ಬರಲಿಲ್ಲ. ಊರಿನವನೇ ಒಬ್ಬ ತರುಣನನ್ನು ತೆಗೆದುಕೊಂಡರು. ಅವನಿಗೆ ಕುರ್ಚಿಯೂ ಸಿಕ್ಕಿತು. ಅವನು ಮೈದಾನಕ್ಕೆ ಯಾರನ್ನೂ ಕರೆತರಲಿಲ್ಲ. ಮೈನಸ್ ಬಂದರೆ ಹುಡುಗರು ಕಿಸೆಯಲ್ಲಿ ಇಟ್ಟರು, ಕಡೀಗೆ ಹಚ್ಚಿದರು, ಮನೆಯಲ್ಲಿ ಅಪ್ಪಂದಿರು ಭೇಷ್ ಎಂದರು. ನನ್ನ ಸುಣ್ಣದ ಪುಡಿ ಡಬ್ಬಿಯಲ್ಲೇ ಗಟ್ಟಿಯಾಯಿತು.

ದಸರಾ ರಜೆಗೆ ಮುಂಚೆ ಆ ತರುಣನಿಗೆ ಗಂಗಾವತಿಯಲ್ಲಿ ಬೇರೆ ಕೆಲಸ ಸಿಕ್ಕಿ ಅವನು ಬಿಟ್ಟು ಹೋದ. ಜಾಗ ಖಾಲಿ. ಸೋಮವಾರ ಸಮಿತಿ ಕೂಡಬೇಕಿತ್ತು. ಅನೀಸಾಳ ಕೊಡೆ ಸ್ಟಾಫ್ ರೂಮಿನ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಅದನ್ನು ಕೊಡುವ ನೆವ ಮಾಡಿಕೊಂಡು ಕುಷ್ಟಗಿಗೆ ಹೋದೆ.

ಬಾಗಿಲಲ್ಲಿ ಸೈದಾನಬಿ ಅಕ್ಕಿ ಆರಿಸುತ್ತ ಕೂತಿದ್ದಳು. ಅನೀಸಾ ಮನೆಯಲ್ಲೇ ಟ್ಯೂಷನ್ ಹಾಕಿಕೊಂಡಿದ್ದಳು, ಬರುವವರು ಬೆರಳೆಣಿಕೆಯಷ್ಟು. ಅವತ್ತು ಯಾರೂ ಇರಲಿಲ್ಲ. ವಿಷಯ ಹೇಳಿದೆ.

"ಯಾರ ಕಾಲಿಗೆ ಬೀಳಬೇಕ್ರಿ ಸರ್ ಈಗ?" ಎಂದಳು. ಆ ದನಿಯಲ್ಲಿ ಒಂದು ಹನಿ ನೀರಿರಲಿಲ್ಲ. "ಎದುರಿಗೇ ಮೌಲಾಹುಸೇನಣ್ಣನ ಅಂಗಡಿ ಐತಿ. ದಿನಾ ನನ್ನ ನೋಡ್ತಾನ. ಟೀಚರ್ ಅಂತ ಒಂದು ಮಾತು ಕರೆಯಂಗಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ವಿರುಪಣ್ಣ ಮಾಸ್ತರರು! ಕೈ ಹಿಡಿದುಕೊಂಡು ಮೊಮ್ಮಗಳು ರೂಪಾ. ಹುಡುಗಿ ಕುಷ್ಟಗಿಯಲ್ಲೇ ಒಂಬತ್ತನೇ ಕ್ಲಾಸು. ಮಾಸ್ತರರು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ಒಳಗೆ ಬಂದರು.

"ಇಕಿಗಿ ನೀನಾ ಹೇಳ್ಕೊಡಬೇಕು ತಾಯಿ," ಎಂದರು. "ಬ್ಯಾರೆ ಯಾರ ಮ್ಯಾಲೂ ನನಗ ಭರೋಸಾ ಇಲ್ಲ."

ನನ್ನ ಮೈ ಉರಿದುಹೋಯಿತು. ಊರ ಮಕ್ಕಳಿಗೆಲ್ಲ ಕಿಸೆ, ತಮ್ಮ ಮೊಮ್ಮಗಳಿಗೆ ಕಂಸ! ಬಾಯಿ ತೆಗೆಯುವಷ್ಟರಲ್ಲಿ ಅನೀಸಾ ನನ್ನ ಕೈಯಿಂದ ಕೊಡೆ ತೆಗೆದುಕೊಂಡಳು. ಇನ್ನೊಂದು ಕೈಗೆ ಬಟ್ಟೆ ಒಣಗಿಸುವ ಕೋಲು ತೆಗೆದುಕೊಂಡಳು. ಎರಡನ್ನೂ ಹುಡುಗಿಯ ಕೈಗೆ ಕೊಟ್ಟಳು.

"ಎಕ್ಸ್ ಅಂದ್ರ ಮೈನಸ್ ಮೂರು, ಎಕ್ಸ್ ವರ್ಗ ಎಷ್ಟು? ಕಂಸಕ್ಕ ಮಂದಿ ಇಲ್ಲ. ಅಯ್ಯಪ್ಪ ಸರ್, ಇಲ್ಲೆ ನಿಂದರ್ರಿ. ಗುರುಗಳ, ನೀವು ಆ ಕಡೆ ನಿಂದರ್ರಿ. ತೋಳು ಬಾಗಸ್ರಿ."

ಮಾಸ್ತರರು ನಿಂತರು. ರೂಪಾ ಮೊದಲು ಕೊಡೆ ಹಿಡಿದು ನಮ್ಮಿಬ್ಬರ ನಡುವೆ ಬಂದಳು, ಹೊರಗೆ ಹೋದಳು, ಕೋಲು ಹಿಡಿದು ಮತ್ತೊಮ್ಮೆ ಬಂದಳು. ವರ್ಗವೆಂದರೆ ಎರಡು ಸಲ. ಅನೀಸಾ ಹೇಳಿದಂತೆ ಕೊಡೆ, ಕೋಲು ಎರಡನ್ನೂ ಕೂಡಿಸಿ ನೆಲಕ್ಕೆ ಇಟ್ಟಳು.

"ಪ್ಲಸ್ ಒಂಬತ್ತು ರೀ ಟೀಚರ್!" ಎಂದು ಅಜ್ಜನ ಕಡೆ ತಿರುಗಿದಳು. "ಅಜ್ಜಾ, ಊರಾಗ ಎಲ್ಲಾರೂ ನೀ ಮೈನಸ್ ಒಂಬತ್ತು ಅಂದೀ ಅಂತಾರಲ್ಲ. ಯಾವುದು ಖರೆ?"

ಮಾಸ್ತರರು ಬಾಗಿಸಿದ ತೋಳು ಇಳಿಸಿದರು. ಬಾಗಿಲಿಗೆ ಹೋಗಿ, ಸೈದಾನಬಿ ಬಿಟ್ಟು ಎದ್ದಿದ್ದ ಮೊರವನ್ನು ಮೆಲ್ಲಗೆ ಒಳಗೆ ಸರಿಸಿ, ಎರಡೂ ಕದ ಮುಚ್ಚಿದರು. ಚಿಲಕ ಹಾಕಿದರು. ಹೊಳ್ಳಿ ಬಂದು ಮೊಮ್ಮಗಳ ಮುಂದೆ ಬಗ್ಗಿ ಹೇಳಿದರು, "ಟೀಚರ್ ಹೇಳಿದ್ದ ಖರೆ ಐತಿ ಮಗಾ. ಪ್ಲಸ್ ಒಂಬತ್ತು."

ಅನೀಸಾ ಹೋಗಿ ಚಿಲಕ ತೆಗೆದಳು. ಎರಡೂ ಕದಗಳನ್ನು ಗೋಡೆಗೆ ಬಡಿಯುವ ಹಾಗೆ ತೆರೆದಳು. ಎದುರಿಗೆ ಪಂಕ್ಚರ್ ಅಂಗಡಿಯಲ್ಲಿ ಮೌಲಾಹುಸೇನ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದುತ್ತಿದ್ದ.

"ಈಗ ಹೇಳ್ರಿ ಗುರುಗಳ," ಎಂದಳು. "ಅದಾ ಮಾತು. ಸೋಮವಾರ ಸಮಿತಿ ಕೂಡತೈತಿ."

ಮೌಲಾಹುಸೇನ ತಲೆ ಎತ್ತಿದ. ಗುರುಗಳನ್ನು ಕಂಡು ದಡಬಡಿಸಿ ಎದ್ದು, ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು, ಅಲ್ಲಿಂದಲೇ ಜೋಡಿಸಿದ. "ನಮಸ್ಕಾರ್ರೀ ಗುರುಗಳ! ಆರಾಮ್ ಅದೀರೇನ್ರಿ?"

ಮಾಸ್ತರರು ಅವನನ್ನು ನೋಡಿದರು. ಅನೀಸಾಳನ್ನು ನೋಡಿದರು. ಬಾಯಿ ತೆರೆದರು.

"ಆರಾಮಪಾ," ಎಂದರು. ಕೈ ಮುಗಿದರು.

ಸೋಮವಾರ ಸಮಿತಿ ಕೂಡಿ ಯಲಬುರ್ಗಾದವನೊಬ್ಬನನ್ನು ತೆಗೆದುಕೊಂಡಿತು. ರೂಪಾ ಈಗಲೂ ದಿನಾ ಸಂಜೆ ಅನೀಸಾ ಹತ್ತಿರ ಬರುತ್ತಾಳೆ, ಲೆಕ್ಕದಲ್ಲಿ ಭಾಳ ಛಲೋ ಅದಾಳಂತೆ. ಅಜ್ಜ ಕೈ ಹಿಡಿದು ಕರೆತರುತ್ತಾರೆ, ಓಣಿಯ ತುದಿಗೆ ಬಿಟ್ಟು ಅಲ್ಲಿಂದಲೇ ಹೊಳ್ಳಿ ಹೋಗುತ್ತಾರೆ.